ಬಿದಿರು ಮೆಳೆಯಿಂದ ಪಶ್ಚಿಮ ಘಟ್ಟದ ವರದಿಯವರೆಗೆ: ಪರಿಸರ ಸಂಶೋಧನೆಯ ಐವತ್ತು ವರ್ಷ

ಪರಿಸರವನ್ನೂ ಸಮಾಜವನ್ನೂ ಒಟ್ಟಿಗೆ ಅಧ್ಯಯನ ಮಾಡುವ ವಿಭಾಗಗಳು ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ಕರ್ನಾಟಕದಲ್ಲಿ ಈ ಬಗೆಯ ಸಂಶೋಧನೆಗೆ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ. ಅದು ಬೆಳೆದದ್ದು ಯಾವುದೋ ಶಿಕ್ಷಣ ನೀತಿಯ ಫಲವಾಗಿ ಎನ್ನುವುದಕ್ಕಿಂತ, ಜನರು ತಮ್ಮ ಅಹವಾಲುಗಳನ್ನು ವಿಜ್ಞಾನಿಗಳ ಮುಂದಿಟ್ಟದ್ದರಿಂದ ಎನ್ನುವುದೇ ಹೆಚ್ಚು ಸರಿ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಆರಂಭವಾಯಿತು. ರೆಡ್ಡಿಯವರು ಮೂಲತಃ ವಿದ್ಯುತ್ ರಸಾಯನ ವಿಜ್ಞಾನಿ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆ ಎಂದು ಅಳೆದಾಗ, ಹಳ್ಳಿಯ ಬದುಕು ನಿಂತಿರುವುದೇ ಸೌದೆಯ ಮೇಲೆ, ಅದನ್ನು ಹೊತ್ತು ತರುವ ಹೊರೆಯ ದೊಡ್ಡ ಪಾಲು ಹೆಂಗಸರು ಮತ್ತು ಮಕ್ಕಳದು ಎಂಬುದು ಕಂಡುಬಂತು. ನಾಡಿನ ಅಡುಗೆಮನೆಗಳಿಗೆ ಬಂದ, ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಈ ಕೆಲಸದ ಮುಂದುವರಿಕೆ.

ಅದೇ ಸಂಸ್ಥೆಗೆ 1973ರಲ್ಲಿ ಬಂದಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಎದುರಾದದ್ದು ಬಿದಿರಿನ ಪ್ರಶ್ನೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕಾಡಿನ ಬಿದಿರು ಕೊಡಲು ಒಪ್ಪಿತ್ತು. ಬುಟ್ಟಿ ಹೆಣೆದು ಬದುಕುವ ಮೇದರು ಪೇಟೆಯಲ್ಲಿ ತೆರಬೇಕಿದ್ದ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಬಿದಿರು ಸಿಗದಂತಾಗಿದೆ ಎಂದು ಮೇದರು 1970ರ ದಶಕದ ಮಧ್ಯದಲ್ಲಿ ಸರ್ಕಾರಕ್ಕೆ ದೂರು ಕೊಟ್ಟ ಮೇಲೆ ಗಾಡ್ಗೀಳರಿಗೆ ಅಧ್ಯಯನದ ಹೊಣೆ ಬಂತು. ಮೆಳೆಗಳು ಬರಿದಾಗಲು ಹಳ್ಳಿಗರ ದನಗಳೇ ಕಾರಣ ಎಂಬುದು ಅಧಿಕೃತ ವಲಯದ ವಾದವಾಗಿತ್ತು.

ಕಾಡಿನಲ್ಲಿ ಕಂಡ ಸಂಗತಿ ಬೇರೆಯೇ ಆಗಿತ್ತು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡು ದಟ್ಟ ಬೇಲಿಯಾಗಿರುತ್ತವೆ. ಇಕ್ಕಟ್ಟು ಕಡಿಮೆಯಾದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆಯಿಂದ ಅರಣ್ಯ ಇಲಾಖೆ ಆ ಮುಳ್ಳನ್ನು ಸವರಿ ತೆಗೆಸುತ್ತಿತ್ತು. ಮಳೆಗಾಲದಲ್ಲಿ ಚಿಗುರುವ ಎಳೆಯ ಕಳಲೆಗೆ ಆ ಮುಳ್ಳೇ ಕಾವಲು, ಅದನ್ನು ತೆಗೆದರೆ ದನವೂ ಕಾಡುಪ್ರಾಣಿಯೂ ಕಳಲೆಯನ್ನು ಮೇಯುತ್ತವೆ ಎಂದು ಸ್ಥಳೀಯರು ಹೇಳಿದರು. ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅಳತೆ ಮಾಡಿ ನೋಡಿದಾಗ ಆ ಮಾತು ನಿಜವೆಂದು ತಿಳಿಯಿತು. ಕಾಡಿನಲ್ಲಿದ್ದ ಬಿದಿರಿನ ಅಂದಾಜನ್ನು ಮೊದಲೇ ವಿಪರೀತ ಉಬ್ಬಿಸಲಾಗಿತ್ತು ಎಂಬುದೂ ಬೆಳಕಿಗೆ ಬಂತು. ಸಸ್ಯಶಾಸ್ತ್ರ, ಬೆಲೆ ನೀತಿ, ಜಾತಿಕಸುಬು, ಆಡಳಿತ, ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಹೊರಟವರಿಗೆ ಈ ಉತ್ತರ ಸಿಗುತ್ತಿರಲಿಲ್ಲ. ಪರಿಸರ ವಿಜ್ಞಾನ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದದ್ದು ಇದಾದ ಮೇಲೆ, 1983ರಲ್ಲಿ.

ಅಷ್ಟರಲ್ಲಿ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಬೇಡ್ತಿ ಜಲವಿದ್ಯುತ್ ಯೋಜನೆಯಿಂದ ತೋಟಗಳು ಮುಳುಗುವ ಭೀತಿ ಎದುರಾದಾಗ ತೋಟಗಾರರ ಸಹಕಾರಿ ಸಂಘವೇ ಯೋಜನೆಯ ಲಾಭನಷ್ಟದ ಲೆಕ್ಕ ಹಾಕಿಸಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ವಿಜ್ಞಾನಿಗಳು ಮತ್ತು ರೈತರು ಒಟ್ಟಿಗೆ ಕುಳಿತು ಚರ್ಚಿಸಿದರು. ಅಡಿಕೆ ತೋಟಕ್ಕೆ ಗೊಬ್ಬರ ಸಿಗುವುದು ಸೊಪ್ಪಿನಬೆಟ್ಟದಿಂದ, ಅಂದರೆ ತೋಟಗಾರರು ಸೊಪ್ಪು ತರುವ ಕಾಡಿನಿಂದ. ಆದ್ದರಿಂದ ತೋಟದ ಬೆಲೆ ಕಟ್ಟುವವನು ಬೆಟ್ಟದ ಬೆಲೆಯನ್ನೂ ಕಟ್ಟಬೇಕಾಗುತ್ತದೆ, ಅದನ್ನು ಎಂಜಿನಿಯರ್ ಒಬ್ಬನೇ ಮಾಡಲಾರ. ಯೋಜನೆ ಆಗ ನಿಂತಿತು. ದೊಡ್ಡ ಅಣೆಕಟ್ಟೊಂದರ ಲೆಕ್ಕವನ್ನು ಸಂತ್ರಸ್ತರಾಗಬೇಕಿದ್ದವರೇ ಪರಿಶೀಲಿಸಿದ ಇಂಥ ನಿದರ್ಶನಗಳು ನಮ್ಮಲ್ಲಿ ವಿರಳ. ಆದರೂ ಈ ಪ್ರಸಂಗಕ್ಕೆ ಸಲ್ಲಬೇಕಾದಷ್ಟು ಪ್ರಚಾರ ಸಂದಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದದ್ದು ಇನ್ನೊಂದು ಬಗೆ. ಬೇಸಿಗೆಯ ಆರಂಭದಲ್ಲಿ ಒಣ ಎಲೆಗಳಿಗೆ ಹಚ್ಚುವ ಸಣ್ಣ ಉರಿಯನ್ನು ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು, ತರಗು ಬೆಂಕಿಗೂ ಅವಕಾಶ ಇಲ್ಲದಾಯಿತು. ಕಮಲ್‌ಜಿತ್ ಬಾವಾ 1996ರಲ್ಲಿ ಸ್ಥಾಪಿಸಿದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು, ನೆಲ್ಲಿಕಾಯಿ ಇಳುವರಿ ಏಕೆ ಕುಗ್ಗುತ್ತಿದೆ ಎಂಬ ಪ್ರಶ್ನೆಗೆ ಸೋಲಿಗರ ಜೊತೆ ಕೂಡಿ ಉತ್ತರ ಹುಡುಕಿದರು. ಕಾಯಿ ಕೊಯ್ಯುವವರಿಂದ ಮರ ನಾಶವಾಗುತ್ತಿದೆ ಎಂಬುದು ಹೊರಗಿನವರ ಶಂಕೆ; ಬೆಂಕಿ ನಿಂತದ್ದರಿಂದ ಮರದ ಮೇಲೆ ಉಪ್ಪಿಲು ಎಂಬ ಬಂದಳಿಕೆಯೂ ನೆಲದ ಮೇಲೆ ಲಂಟಾನ ಎಂಬ ಕಳೆಯೂ ಹಬ್ಬಿವೆ ಎಂಬುದು ಸೋಲಿಗರ ವಿವರಣೆ. ಸಂಶೋಧಕರು ಈ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷೆಗೆ ಒಡ್ಡಿದರು. 2011ರಲ್ಲಿ ಸೋಲಿಗರಿಗೆ ಅಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತವು.

ಅದೇ ವರ್ಷ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ ವರದಿ ಸಲ್ಲಿಸಿತು. ಯಾವ ಪ್ರದೇಶಕ್ಕೆ ಎಷ್ಟು ರಕ್ಷಣೆ ಎಂಬುದನ್ನು ಗ್ರಾಮಸಭೆಗಳ ಮಟ್ಟದಿಂದಲೇ ಚರ್ಚಿಸಿ ತೀರ್ಮಾನಿಸಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಕೇಂದ್ರ ಸರ್ಕಾರ ವರದಿಯನ್ನು ತಿಂಗಳುಗಟ್ಟಲೆ ಬಚ್ಚಿಟ್ಟಿತು. ಅದು ಹೊರಬಂದದ್ದು 2012ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಮಲೆನಾಡಿನಲ್ಲಿ ವರದಿಗಿಂತ ವದಂತಿಯೇ ಹೆಚ್ಚು ಓಡಾಡಿತ್ತು. ಮನೆ ಕಟ್ಟುವಂತಿಲ್ಲ, ದನ ಸಾಕುವಂತಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂಬ ಮಾತುಗಳನ್ನು ಅಲ್ಲಗಳೆಯಲು ಗ್ರಾಮಸಭೆಯಲ್ಲಿ ಓದಿ ಹೇಳಬಹುದಾದ ಪ್ರತಿಯೇ ಜನರ ಕೈಯಲ್ಲಿರಲಿಲ್ಲ. ಬಿದಿರಿನ ವಿಷಯದಲ್ಲಿ ಸಂಶೋಧಕರು ಹಳ್ಳಿಗರನ್ನು ಕೇಳಿ ತಿಳಿದಿದ್ದರು. ಇಲ್ಲಿ ಹಳ್ಳಿಗರನ್ನು ಕೇಳಬೇಕೆಂಬ ಸಲಹೆ ವರದಿಯ ಪುಟಗಳಲ್ಲೇ ಉಳಿಯಿತು. ಇದರ ಹೊಣೆ ಹೆಚ್ಚಾಗಿ ಸರ್ಕಾರಗಳದ್ದೇ ಎಂಬುದು ನನ್ನ ಅಭಿಪ್ರಾಯ.

ಬಳಿಕ ಆ ವರದಿಯನ್ನು ಪರಿಶೀಲಿಸಲು ಕೇಂದ್ರ ನೇಮಿಸಿದ ಕಸ್ತೂರಿರಂಗನ್ ಕಾರ್ಯತಂಡ ಉಪಗ್ರಹ ಚಿತ್ರಗಳ ನೆರವಿನಿಂದ ಘಟ್ಟದ ಶೇ 37ರಷ್ಟು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2024ರ ಜುಲೈ 31ರಂದು ಕೇಂದ್ರ ಮತ್ತೊಮ್ಮೆ ಕರಡು ಅಧಿಸೂಚನೆ ಹೊರಡಿಸಿತು, ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಮತ್ತೆ ತಿರಸ್ಕರಿಸಿತು.