ಮಾರ್ಟ್‌ಸೇಫ್: ಹೆಣಕ್ಕೊಂದು ಕಬ್ಬಿಣದ ಪಂಜರ

ಸ್ಕಾಟ್‌ಲೆಂಡಿನ ಎಡಿನ್‌ಬರೊ ನಗರದ ಗ್ರೇಫ್ರಯರ್ಸ್ ಚರ್ಚಿನ ಸ್ಮಶಾನದಲ್ಲಿ ದಪ್ಪ ಕಬ್ಬಿಣದ ಸರಳುಗಳ ಪಂಜರವನ್ನು ಹೊದ್ದ ಗೋರಿಗಳು ಇಂದಿಗೂ ಕಾಣಸಿಗುತ್ತವೆ. ಸತ್ತವರು ರಕ್ತಪಿಶಾಚಿಗಳಾಗಿ ಎದ್ದು ಬಾರದಿರಲೆಂದು ಇವುಗಳನ್ನು ಹಾಕಿದ್ದರು ಎಂಬ ಅಡಿಬರಹದೊಡನೆ ಇಂಥ ಚಿತ್ರಗಳು ಆಗಾಗ ಅಂತರ್ಜಾಲದಲ್ಲಿ ಹರಿದಾಡುವುದುಂಟು. ಆದರೆ ಪಂಜರ ತಡೆಯಬೇಕಾಗಿದ್ದುದು ಬದುಕಿರುವ ಮನುಷ್ಯರನ್ನು, ಅದರಲ್ಲೂ ರಾತ್ರಿ ಹೊತ್ತು ಸಲಿಕೆ ಹಿಡಿದು ಬರುವವರನ್ನು. ಇದರ ಹೆಸರು ಮಾರ್ಟ್‌ಸೇಫ್. ಸಾವು ಅಥವಾ ಶವ ಎಂಬರ್ಥದ, ಲ್ಯಾಟಿನ್ ಮೂಲದ 'ಮಾರ್ಟ್' ಮತ್ತು ಕಾಪಿಡುವುದು ಎಂಬರ್ಥದ 'ಸೇಫ್' ಸೇರಿ ಆದ ಪದವಿದು. ಕನ್ನಡದಲ್ಲಿ 'ಗೋರಿಪಂಜರ' ಎಂದರೆ ಸಾಕೆಂದು ನನಗನಿಸುತ್ತದೆ.

ಹದಿನೆಂಟನೆಯ ಶತಮಾನದ ಕೊನೆಗೂ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೂ ಬ್ರಿಟನ್ನಿನಲ್ಲಿ ವೈದ್ಯಕೀಯ ಶಿಕ್ಷಣ ವೇಗವಾಗಿ ಬೆಳೆಯಿತು. ವಿದ್ಯಾರ್ಥಿಗಳು ಕೊಯ್ದು ಕಲಿಯಲು ಶವಗಳು ಬೇಕಾಗಿದ್ದವು; ಕಾನೂನು ಒದಗಿಸುತ್ತಿದ್ದುದು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಾರರ ಶವಗಳನ್ನು, ಅವು ಯಾವುದಕ್ಕೂ ಸಾಲುತ್ತಿರಲಿಲ್ಲ. ಹೀಗಾಗಿ ಹೊಸದಾಗಿ ಹೂಳಿದ ಹೆಣವನ್ನು ರಾತ್ರೋರಾತ್ರಿ ಅಗೆದು ತೆಗೆದು ಅಂಗರಚನಾಶಾಸ್ತ್ರದ ಶಾಲೆಗಳಿಗೆ ಮಾರುವ ದಂಧೆ ಹುಟ್ಟಿಕೊಂಡಿತು. ಸತ್ತವರನ್ನು ಎಬ್ಬಿಸುವವರೆಂಬ ವ್ಯಂಗ್ಯದಲ್ಲಿ ಜನರು ಈ ಕಳ್ಳರನ್ನು 'ಪುನರುತ್ಥಾನದವರು' ಎಂದು ಕರೆಯುತ್ತಿದ್ದರು. ಇಂಗ್ಲೆಂಡಿನ ಕಾನೂನಿನ ಪ್ರಕಾರ ಶವ ಯಾರ ಸ್ವತ್ತೂ ಆಗಿರಲಿಲ್ಲವಾದ್ದರಿಂದ ಅದನ್ನು ಒಯ್ದವನಿಗೆ ಹಗುರವಾದ ಶಿಕ್ಷೆಯಾಗುತ್ತಿತ್ತು. ಆದರೆ ಶವಕ್ಕೆ ಹೊದಿಸಿದ ಬಟ್ಟೆಯನ್ನು ಒಯ್ದರೆ ಅದು ಕಳ್ಳತನವೇ. ಆದಕಾರಣ ಕಸುಬು ಬಲ್ಲವರು ಬಟ್ಟೆಯನ್ನು ಗುಂಡಿಯಲ್ಲೇ ಬಿಟ್ಟು ಹೆಣವನ್ನಷ್ಟೇ ಹೊತ್ತೊಯ್ಯುತ್ತಿದ್ದರು.

ಸುಮಾರು 1816ರ ಹೊತ್ತಿಗೆ ಬಳಕೆಗೆ ಬಂದ ಗೋರಿಪಂಜರ ಇದಕ್ಕೆ ಜನ ಕಂಡುಕೊಂಡ ಉತ್ತರ. ಶವಪೆಟ್ಟಿಗೆಯ ಸುತ್ತ ಕಬ್ಬಿಣದ ಸರಳುಗಳನ್ನೂ ಪಟ್ಟಿಗಳನ್ನೂ ಜೋಡಿಸಿ ಬೀಗ ಹಾಕುವುದು, ಅಥವಾ ಅದರ ಮೇಲೆ ಹಲವರು ಸೇರಿದರೂ ಸರಿಸಲಾಗದಷ್ಟು ಭಾರದ ಚಪ್ಪಡಿಯನ್ನು ಹೇರುವುದು ವಾಡಿಕೆಯಾಗಿತ್ತು. ಬಡವರು ಇದನ್ನು ಕೊಳ್ಳಲಾರರು. ಚರ್ಚುಗಳೂ ಊರಿನ ಸಂಘಗಳೂ ಪಂಜರಗಳನ್ನು ಮಾಡಿಸಿಟ್ಟು ಬಾಡಿಗೆಗೆ ಕೊಡುತ್ತಿದ್ದವು. ಪದದ ನಿಜವಾದ ಅರ್ಥ ತಿಳಿಯುವುದು ಈ ಬಾಡಿಗೆಯ ಸಂಗತಿಯಿಂದಲೇ. ಆರು ವಾರಗಳಷ್ಟು ಕಾಲ ಕಳೆದರೆ ಹೆಣ ಕೊಳೆತು, ಕೊಯ್ದು ಕಲಿಯುವುದಕ್ಕೆ ಬಾರದಂತಾಗುತ್ತಿತ್ತು; ಆಮೇಲೆ ಪಂಜರವನ್ನು ಎತ್ತಿ ಮತ್ತೊಂದು ಗೋರಿಗೆ ಹಾಕುತ್ತಿದ್ದರು. ಎಂದರೆ ಅದು ಹೆಣಕ್ಕೆ ಬೆಲೆ ಇರುವಷ್ಟು ದಿನದ ಕಾವಲು ಮಾತ್ರ. ಇದೇ ಲೆಕ್ಕಾಚಾರದಿಂದ ಹುಟ್ಟಿದ್ದು ಅಬರ್ಡೀನ್‌ಶೈರಿನ ಉಡ್ನಿ ಎಂಬ ಊರಿನ ದುಂಡನೆಯ ಹೆಣದ ಮನೆ. ಅದರೊಳಗೆ ತಿರುಗುವ ಅಟ್ಟಣೆಯ ಮೇಲೆ ಏಳು ಶವಪೆಟ್ಟಿಗೆಗಳನ್ನಿರಿಸಬಹುದಾಗಿತ್ತು. ಅದನ್ನು ಕಟ್ಟಿದ್ದು 1832ರಲ್ಲಿ. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಶಾಲೆಗಳಿಗೆ ಕೊಡಲು ಅವಕಾಶ ಮಾಡಿದ ಅಂಗರಚನಾ ಕಾಯಿದೆ ಜಾರಿಗೆ ಬಂದದ್ದೂ ಅದೇ ವರ್ಷ. ಕಾಯಿದೆಯಿಂದಾಗಿ ಹೆಣದ ಮಾರುಕಟ್ಟೆ ಕುಸಿದು, ಪಂಜರಗಳಿಗೂ ಕೆಲಸವಿಲ್ಲದಂತಾಯಿತು.

ಆದರೆ ಸತ್ತವರು ಹೆಸರಾಂತರಾಗಿದ್ದರೆ ಆರು ವಾರದ ಲೆಕ್ಕ ನಡೆಯದು. ಸುಮಾರು ಏಳೂವರೆ ಅಡಿ ಎತ್ತರವಿದ್ದ 'ಐರಿಷ್ ದೈತ್ಯ' ಚಾರ್ಲ್ಸ್ ಬರ್ನ್ ತನ್ನ ದೇಹದ ಮೇಲೆ ಶಸ್ತ್ರವೈದ್ಯರ ಕಣ್ಣಿದೆಯೆಂದು ಅರಿತು, ಸೀಸದ ಪೆಟ್ಟಿಗೆಯಲ್ಲಿಟ್ಟು ಕಡಲಿನಲ್ಲಿ ಮುಳುಗಿಸುವಂತೆ ಗೆಳೆಯರನ್ನು ಕೇಳಿಕೊಂಡಿದ್ದ. 1783ರಲ್ಲಿ ಅವನು ತೀರಿಕೊಂಡಾಗ ದೇಹ ಸೇರಿದ್ದು ಕಡಲನ್ನಲ್ಲ, ಹೆಸರುವಾಸಿ ಶಸ್ತ್ರವೈದ್ಯ ಜಾನ್ ಹಂಟರನ ಕೈಯನ್ನು. ಅವನ ಅಸ್ಥಿಪಂಜರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಉಳಿದುಬಂತು; ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಅದನ್ನು ಪ್ರದರ್ಶನದಿಂದ ತೆಗೆದದ್ದು 2023ರಲ್ಲಿ ಮತ್ತೆ ಬಾಗಿಲು ತೆರೆದಾಗ.

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ವಿಷಯದಲ್ಲಿ ಆದದ್ದು ಇನ್ನೂ ವಿಚಿತ್ರ. 1876ರ ನವೆಂಬರ್ 7ರಂದು, ಚುನಾವಣೆಯ ರಾತ್ರಿ, ಖೋಟಾನೋಟಿನ ತಂಡವೊಂದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಅವರ ಸಮಾಧಿಗೆ ನುಗ್ಗಿತು. ಶವವನ್ನು ಒತ್ತೆಯಿಟ್ಟುಕೊಂಡು 2 ಲಕ್ಷ ಡಾಲರನ್ನೂ, ಸೆರೆಯಲ್ಲಿದ್ದ ತಮ್ಮ ಅಚ್ಚುಗಾರನ ಬಿಡುಗಡೆಯನ್ನೂ ಕೇಳುವುದು ಅವರ ಹಂಚಿಕೆಯಾಗಿತ್ತು. ಸಮಾಧಿಯ ಬಾಗಿಲಿಗಿದ್ದುದು ಒಂದೇ ಒಂದು ಬೀಗ! ತಂಡದೊಳಗೆ ಸರ್ಕಾರದ ಗುಪ್ತಚರನೊಬ್ಬ ಸೇರಿಕೊಂಡಿದ್ದರಿಂದ ಸಂಚು ಕೆಟ್ಟಿತು. ಆಮೇಲೆ ಕಾವಲುಗಾರರು ಪೆಟ್ಟಿಗೆಯನ್ನು ಸಮಾಧಿಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಬಚ್ಚಿಟ್ಟಿದ್ದರು. ನೋಡಲು ಬಂದವರು ಕೈಮುಗಿದು ಹೋಗುತ್ತಿದ್ದುದು ಬರಿದಾದ ಅಮೃತಶಿಲೆಯ ಪೆಟ್ಟಿಗೆಗೆ. ಕೊನೆಗೆ 1901ರಲ್ಲಿ ಹಿರಿಯ ಮಗ ರಾಬರ್ಟ್ ಲಿಂಕನ್, ಹತ್ತು ಅಡಿ ಆಳದಲ್ಲಿ ಉಕ್ಕಿನ ಪಂಜರವಿಟ್ಟು, ಅದರೊಳಗೆ ಪೆಟ್ಟಿಗೆ ಇಳಿಸಿ, ಮೇಲೆ ಕಾಂಕ್ರೀಟ್ ಸುರಿಸಿದರು. ರೈಲು ಬೋಗಿಗಳ ಉದ್ಯಮಿ ಜಾರ್ಜ್ ಪುಲ್‌ಮನ್ 1897ರಲ್ಲಿ ತೀರಿಕೊಂಡಾಗ, 1894ರ ಮುಷ್ಕರದ ಸಿಟ್ಟನ್ನು ಕಾರ್ಮಿಕರು ಹೆಣದ ಮೇಲೆ ತೀರಿಸಿಕೊಂಡಾರೆಂದು ಹೆದರಿದ ಮನೆಯವರು ಉಕ್ಕು-ಕಾಂಕ್ರೀಟಿನಲ್ಲಿ ಹೂಳಿಸಿದ್ದರು. ರಾಬರ್ಟ್‌ಗೆ ಅದೇ ಮಾದರಿಯಾಯಿತು.

ಮೇಲೊಂದು ಗೋರಿ, ನಿಜವಾದ ದೇಹ ಅದರ ಕೆಳಗೆ ಎಂದಾಗ ನಮ್ಮಲ್ಲಿ ಹಲವರಿಗೆ ವಿಜಯಪುರದ ಗೋಳಗುಮ್ಮಟ ನೆನಪಾಗಬಹುದು. ಅಲ್ಲಿಯೂ ಮೇಲೆ ಕಾಣುವ ಗೋರಿಗಳು ಸಂಕೇತ ಮಾತ್ರ, ಮುಹಮ್ಮದ್ ಆದಿಲ್‌ಷಾಹನ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ. ಆದರೆ ಅದು ಆ ಕಾಲದ ಅರಸುಮನೆತನಗಳ ಗೋರಿಕಟ್ಟಡಗಳ ಸಂಪ್ರದಾಯವಾದ್ದರಿಂದ, ಅದನ್ನು ಕಳ್ಳರ ಭಯದ ಪಂಜರದೊಡನೆ ಸೇರಿಸುವುದು ಸರಿಯಲ್ಲ.

ಪಂಜರದ ಹೆಸರು ಬಳಕೆ ತಪ್ಪಿದರೂ ಅದರ ಕೆಲಸ ಕಾಂಕ್ರೀಟಿಗೆ ದಾಟಿತು. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಚಾರ್ಲಿ ಚಾಪ್ಲಿನ್ನರ ಪೆಟ್ಟಿಗೆಯನ್ನು ಇಬ್ಬರು ಅಗೆದೊಯ್ದು ಹಣ ಕೇಳಿದರು. ಪೆಟ್ಟಿಗೆ ಮರಳಿ ಸಿಕ್ಕಮೇಲೆ ಅದನ್ನು ಕಾಂಕ್ರೀಟಿನಡಿ ಹೂಳಲಾಯಿತು. ಕುಖ್ಯಾತರಿಗೂ ಇದೇ ಏರ್ಪಾಡು. ಬ್ಯಾಂಕ್ ದರೋಡೆಗಾರ ಜಾನ್ ಡಿಲಿಂಜರ್ 1934ರ ಜುಲೈ 22ರಂದು ಷಿಕಾಗೋದಲ್ಲಿ ಗುಂಡಿಗೆ ಬಲಿಯಾದ ಬಳಿಕ, ಮಗನ ಹೆಣವನ್ನು ಯಾರಾದರೂ ಕದ್ದು ಪ್ರದರ್ಶನಕ್ಕಿಟ್ಟಾರೆಂಬ ಭಯದಿಂದ ತಂದೆ ಇಂಡಿಯಾನಾಪೊಲಿಸ್‌ನ ಕ್ರೌನ್ ಹಿಲ್ ಸ್ಮಶಾನದಲ್ಲಿ ಪೆಟ್ಟಿಗೆಯ ಮೇಲೆ ಗುಜರಿ ಕಬ್ಬಿಣ ಬೆರೆತ ಕಾಂಕ್ರೀಟನ್ನು ಹಾಕಿಸಿದರು. ಒಳಗಿನ ಪೆಟ್ಟಿಗೆಗೆ ಕಳ್ಳರ ಕೈ ತಾಗಲಿಲ್ಲ. ಆದರೆ ಮೇಲಿನ ಹೆಸರುಗಲ್ಲನ್ನು ನೋಡಲು ಬಂದವರು ನೆನಪಿಗೆಂದು ಚೂರುಚೂರಾಗಿ ಒಡೆದುಕೊಂಡು ಹೋಗುತ್ತಿದ್ದುದರಿಂದ ಅದನ್ನು ಹಲವು ಸಲ ಬದಲಾಯಿಸಬೇಕಾಯಿತು.