ಕಾಲಿನ ಸ್ನಾಯು ಹರ್ನಿಯಾ: ತೂತನ್ನು ಹೊಲಿದುಬಿಡಬಾರದೇಕೆ?

ನಿಂತಾಗ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಹೊರಮಗ್ಗುಲಲ್ಲಿ ಮೆತ್ತನೆಯ ಗಂಟು, ಮಲಗಿದರೆ ಮಾಯ. ಓಟಗಾರರು, ಫುಟ್‌ಬಾಲ್ ಆಡುವವರು, ಸೈನಿಕರು ಹೀಗೆ ಹೇಳಿಕೊಂಡು ಬರುತ್ತಾರೆ. ಕೊಬ್ಬಿನ ಗಡ್ಡೆಯೋ, ಉಬ್ಬಿದ ರಕ್ತನಾಳವೋ, ಕ್ಯಾನ್ಸರೋ ಎಂಬ ದಿಗಿಲು ಬೇರೆ. ಅದು ಸ್ನಾಯುವಿನ ಹರ್ನಿಯಾ ಆಗಿರಬಹುದು.

ಕಾಲಿನ ಸ್ನಾಯುಗಳನ್ನು ಫ್ಯಾಸಿಯಾ ಎಂಬ ಗಟ್ಟಿ ಪೊರೆ ಬಿಗಿಯಾಗಿ ಸುತ್ತಿರುತ್ತದೆ. ಪೆಟ್ಟು ಬಿದ್ದೋ, ಒಳಗಿನ ಒತ್ತಡಕ್ಕೋ, ನರ ಹೊರಬರುವ ಸಹಜ ಕಿಂಡಿ ಹಿಗ್ಗಿಯೋ ಪೊರೆ ತೂತಾದರೆ ಸ್ನಾಯು ಅಲ್ಲಿಂದ ಹೊರಗೆ ಉಬ್ಬುತ್ತದೆ. ಹೆಚ್ಚಾಗಿ ಹೀಗಾಗುವುದು ಪಾದವನ್ನು ಮೇಲೆತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿಗೆ.

ಹಿಮ್ಮಡಿ ನೆಲಕ್ಕೂರಿ ಪಾದದ ಮುಂಭಾಗ ಎತ್ತಿ ಎನ್ನುತ್ತೇನೆ. ಗಂಟು ಬೆರಳಿಗೆ ಸಿಗುತ್ತದೆ. ಮಲಗಿಸಿ ಒತ್ತಿದರೆ ಒಳಸರಿಯುತ್ತದೆ. ಕೆಲವರಲ್ಲಿ ತೂತಿನ ಅಂಚೂ ತಾಕುತ್ತದೆ. ರೋಗಿಯನ್ನು ನಿಲ್ಲಿಸಿಕೊಂಡು, ಸ್ನಾಯು ಬಿಗಿಹಿಡಿಸಿಯೇ ಅಲ್ಟ್ರಾಸೌಂಡನ್ನೂ ಮಾಡಿಸಬೇಕು. ಸುಮ್ಮನೆ ಮಲಗಿಸಿ ನೋಡಿದರೆ ಏನೂ ಇಲ್ಲವೆಂಬ ವರದಿ ಬಂದೀತು.

ನೋವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ. ನೋವಿದ್ದರೆ ಬಿಗಿ ಕಾಲುಚೀಲ, ಓಟಕ್ಕೆ ಬಿಡುವು. ಎಷ್ಟೋ ಜನರಿಗೆ ಇಷ್ಟೇ ಸಾಕು. ತಿಂಗಳುಗಟ್ಟಲೆ ನೋವು ಬಿಡದಿದ್ದರೆ, ನರ ತೂತಿನ ಅಂಚಿಗೆ ಸಿಕ್ಕಿ ಪಾದದ ಮೇಲ್ಭಾಗ ಜೋಮು ಹಿಡಿಯುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

'ತೂತು ತಾನೇ, ಹೊಲಿದುಬಿಡಿ' ಎಂದು ಕೇಳುವವರಿಗೆ ನಾನು ಬಿಡಿಸಿ ಹೇಳುತ್ತೇನೆ. ಹೊಟ್ಟೆಯ ಹರ್ನಿಯಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾಲಿನ ಸ್ನಾಯು ಮೂಳೆಗಳಿಗೂ ಹಿಗ್ಗದ ಪೊರೆಗೂ ನಡುವಿನ ಇಕ್ಕಟ್ಟಿನಲ್ಲಿದೆ. ಪೊರೆಯ ಅಂಚುಗಳನ್ನು ಎಳೆದು ಹೊಲಿದರೆ ಆ ಜಾಗ ಇನ್ನೂ ಕಿರಿದಾಗಿ, ಒತ್ತಡ ಏರಿ, ಸ್ನಾಯುವಿಗೆ ರಕ್ತ ಹರಿಯದಂತಾಗಬಹುದು. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತುಹೋಗುತ್ತದೆ.

ಹಾಗಾಗಿ ನನ್ನ ಒಲವು ಫ್ಯಾಸಿಯಾಟಮಿಯ ಕಡೆಗೆ. ಮುಚ್ಚುವ ಬದಲು ತೂತನ್ನೇ ಮೇಲಕ್ಕೂ ಕೆಳಕ್ಕೂ ಉದ್ದಕ್ಕೆ ಸೀಳಿ ದೊಡ್ಡದು ಮಾಡುತ್ತೇವೆ; ಆಗ ಸ್ನಾಯುವನ್ನು ಹಿಚುಕುವ ಅಂಚೇ ಇರುವುದಿಲ್ಲ. ಪಕ್ಕದಲ್ಲೇ ಹಾಯುವ ನರವನ್ನು ಮೊದಲು ಗುರುತಿಸಿ ಕಾಪಾಡಿಕೊಳ್ಳಬೇಕು. ನೋವು ಹೋದರೂ ಉಬ್ಬು ಉಳಿಯಬಹುದು, ಇನ್ನಷ್ಟು ಅಗಲವಾಗಿಯೂ ಕಾಣಬಹುದು. ಇದನ್ನು ಮೊದಲೇ ಹೇಳದಿರುವುದು ತಪ್ಪು. ಕೆಲವರಿಗೆ ಮೆಶ್ ಎಂಬ ಕೃತಕ ಜಾಲರಿ ಅಥವಾ ತೊಡೆಯಿಂದ ತೆಗೆದ ಪೊರೆಯ ತುಂಡನ್ನು ಬಿಗಿಯಾಗದಂತೆ ಕೂರಿಸುವುದೂ ಉಂಟು.

ಆಪರೇಷನ್ ಯಾವುದೇ ಆಗಲಿ, ಮಾತ್ರೆಗೆ ಜಗ್ಗದೆ ಏರುವ ನೋವು, ಕಾಲ್ಬೆರಳು ಮಡಿಸಿದರೆ ಪ್ರಾಣ ಹೋಗುವಂಥ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ.