ಪುಸ್ತಕದ 105 ಡಿಗ್ರಿ ದಾವಣಗೆರೆಗೆ ಆಗಿಬರಲ್ಲ

ಕಾರ್ತಿಕ ಮುಗಿಯುತ್ತಿದ್ದಂತೆ ನಮ್ಮ ಕಡೆ ಹಿತ್ತಲಿನ ಪೇರಲ ಮರಗಳು ಬಾಗತೊಡಗುತ್ತವೆ. ಹಣ್ಣು ಕೆಡದಂತೆ ಇಡುವುದನ್ನು ಹೇಳಿಕೊಡುವ ನನಗೆ ಫೋನ್ ಜಾಸ್ತಿ ಬರುವುದೂ ಆಗಲೇ. ಪುಸ್ತಕದಲ್ಲಿ ಹೇಳಿದ 105 ಡಿಗ್ರಿಗೆ ಕುದಿಸಿದ ಜಾಮ್ ಕಲ್ಲಾಯಿತು ಅನ್ನುವ ದೂರೇ ಹೆಚ್ಚು. ಅದಕ್ಕೆ ಬರುತ್ತೇನೆ, ಮೊದಲು ಹಣ್ಣಿನ ಮಾತು. ಮಳೆಗಾಲದ ಪೇರಲ ನೀರು ನೀರು, ಕೊಯ್ದರೆ ಒಳಗೆ ಹುಳ. ಚಳಿಗಾಲದ್ದು ಹಾಗಲ್ಲ. ಹಣ್ಣುನೊಣದ ಕಾಟ ಕಮ್ಮಿ, ತಿರುಳು ಗಟ್ಟಿ, ಸಿಹಿಯೂ ಚೆನ್ನ. ವರ್ಷಕ್ಕೆ ಇಡುವುದಾದರೆ ಈ ಬೆಳೆಯನ್ನೇ ಇಡಬೇಕು.

ಆದರೆ ಪೂರ್ತಿ ಹಣ್ಣಾಗಲಿ ಅಂತ ಮರದಲ್ಲೇ ಬಿಡಬೇಡಿ. ಕಡು ಹಸಿರು ತಿಳಿಯಾಗಿ, ಅಲ್ಲಲ್ಲಿ ಹಳದಿ ಕಾಣಿಸಿ, ಒತ್ತಿದರೆ ಇನ್ನೂ ಗಟ್ಟಿ ಇರುವ ದೋರೆಗಾಯಿ ಜೆಲ್ಲಿಗೆ ಬೇಕು. ಜೆಲ್ಲಿ ಗಟ್ಟಿಯಾಗುವುದು ಹಣ್ಣಿನಲ್ಲೇ ಇರುವ ಪೆಕ್ಟಿನ್ ಅನ್ನುವ ಅಂಟಿನಂಥ ಅಂಶದಿಂದ. ಹಣ್ಣು ಮಾಗಿದಂತೆ ಪೆಕ್ಟಿನ್ ಕರಗುತ್ತಾ ಹೋಗುತ್ತದೆ. ಹಾಗಂತ ಬರೀ ದೋರೆಗಾಯಿ ಹಾಕಿದರೆ ಘಮ ಇರಲ್ಲ. ಅದಕ್ಕೆ ನಾಲ್ಕಾರು ಮಾಗಿದ ಹಣ್ಣು ಜೊತೆಗಿರಲಿ. ಇಬ್ಬನಿ ಆರಿದ ಮೇಲೆ, ಚೂರು ತೊಟ್ಟು ಬಿಟ್ಟು ಕೀಳಿ. ಕೋಲಲ್ಲಿ ಬಡಿದು ಬೀಳಿಸಿದ್ದನ್ನು ಅವತ್ತೇ ತಿಂದು ಮುಗಿಸಿ, ಪೆಟ್ಟು ಬಿದ್ದ ಕಡೆಯಿಂದಲೇ ಕೊಳೆಯುತ್ತದೆ.

ಹೋಳು ಮಾಡಿ, ಮುಳುಗುವಷ್ಟೇ ನೀರು ಹಾಕಿ, ಕೆಜಿಗೆ 2 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸೇರಿಸಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ರಸ ತಾನಾಗೇ ಇಳಿಯಲಿ. ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ಸಕ್ಕರೆ ಎಷ್ಟು ಅನ್ನುವುದನ್ನು ಆ ರಸವೇ ಹೇಳುತ್ತದೆ. ಒಂದು ಚಮಚ ರಸ ತಣ್ಣಗಾದ ಮೇಲೆ ಅಷ್ಟೇ ಸ್ಪಿರಿಟ್ (ಆಲ್ಕೋಹಾಲ್) ಬೆರೆಸಿ ನಿಧಾನ ಅಲ್ಲಾಡಿಸಿ. ಒಂದೇ ಮುದ್ದೆ ಕಟ್ಟಿದರೆ ಲೋಟ ರಸಕ್ಕೆ ಲೋಟ ಸಕ್ಕರೆ. ಮುದ್ದೆ ಒಡೆದು ಎರಡು ಮೂರಾದರೆ ಮುಕ್ಕಾಲು ಲೋಟ. ಚೂರುಚೂರಾದರೆ ಪೆಕ್ಟಿನ್ ಸಾಲದು, ರಸ ಇನ್ನೂ ಕುದ್ದು ಗಟ್ಟಿಯಾಗಲಿ. ಸ್ಪಿರಿಟ್ ವಿಷ, ಬೆರೆಸಿದ್ದನ್ನು ಚೆಲ್ಲಿಬಿಡಿ. ನಾಲಿಗೆಗೆ ತಾಕಿಸಲೂ ಬೇಡಿ.

ಇನ್ನು ಸಕ್ಕರೆ ಹಾಕಿದ ಮೇಲೆ ಎಷ್ಟು ಕುದಿಸಬೇಕು ಅನ್ನುವ ಫೋನ್ ಮಾತು. "ಮೇಡಂ, ಪುಸ್ತಕದಾಗೆ ಇದ್ದಂಗೇ ಮಾಡೀನಿ. ಥರ್ಮಾಮೀಟರ್ ಇಟ್ಟೇ ಕುದಿಸೀನಿ. ಜಾಮ್ ನೋಡಿದ್ರೆ ಕಲ್ಲಾಗೈತೆ." ಎಷ್ಟು ಡಿಗ್ರಿಗೆ ಇಳಿಸಿದ್ರಿ ಅಂದರೆ, ಎಲ್ಲರದೂ ಒಂದೇ ಉತ್ತರ, 105.

ಆ 105 ಸಮುದ್ರ ಮಟ್ಟದ ಲೆಕ್ಕ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಜಾಮ್ ಅದಕ್ಕಿಂತ ನಾಲ್ಕೂವರೆ, 5 ಡಿಗ್ರಿ ಮೇಲೆ ಹದಕ್ಕೆ ಬರುತ್ತದೆ. ನೆಲ 300 ಮೀಟರ್ ಎತ್ತರವಾದರೆ ಕುದಿಯುವ ಬಿಸಿ ಹೆಚ್ಚುಕಮ್ಮಿ 1 ಡಿಗ್ರಿ ಇಳಿಯುತ್ತದೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು. ಅಂದರೆ ನಮ್ಮಲ್ಲಿ ನೀರು 98ಕ್ಕೇ ಕುದಿಯುತ್ತದೆ, ದುರ್ಗದಲ್ಲಿ ಇನ್ನೂ ಚೂರು ಮೊದಲು. ಜಾಮ್ ಹದ ನಮಗೆ 103ರ ಒಳಗೇ ಬಂದುಬಿಡುತ್ತದೆ. 105 ಮುಟ್ಟಲಿ ಅಂತ ಕಾದರೆ ನೀರೆಲ್ಲ ಆವಿಯಾಗಿ, ಬಣ್ಣ ಕಂದಾಗಿ, ತಿಂಗಳೊಳಗೆ ಸಕ್ಕರೆ ಹರಳುಗಟ್ಟುತ್ತದೆ.

ಜಾಮ್ ಶುರುಮಾಡುವ ಮುಂಚೆ ನಿಮ್ಮ ಥರ್ಮಾಮೀಟರನ್ನು ಬರೀ ಕುದಿಯುವ ನೀರಿಗೆ ಇಟ್ಟು ನೋಡಿ. ಅದು ತೋರಿಸುವ ಅಂಕಿಗೆ ನಾಲ್ಕೂವರೆ ಸೇರಿಸಿದರೆ ನಿಮ್ಮ ಅಡುಗೆಮನೆಯ ಲೆಕ್ಕ ಸಿಕ್ಕಿತು. ಥರ್ಮಾಮೀಟರ್ ಇಲ್ವಾ? ತಕ್ಕಡಿ ಸಾಕು. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಒಳಗಿನ ಜಾಮ್ ನೀವು ಹಾಕಿದ ಸಕ್ಕರೆಯ ಒಂದೂವರೆಯಷ್ಟು ತೂಗಿದಾಗ ಇಳಿಸಿ. ಕೆಜಿ ಸಕ್ಕರೆಗೆ ಒಂದೂವರೆ ಕೆಜಿ ಜಾಮ್. ನನಗಂತೂ ಥರ್ಮಾಮೀಟರಿಗಿಂತ ತಕ್ಕಡಿ ಮೇಲೇ ನಂಬಿಕೆ.

ಎತ್ತರದ ಈ ಲೆಕ್ಕ ಬಾಟಲಿಗೂ ಇದೆ. ತುಂಬಿದ ಬಾಟಲಿಯನ್ನು ಕುದಿನೀರಲ್ಲಿ 10 ನಿಮಿಷ ಇಡಿ ಅಂತ ಬರೆದಿದ್ದರೆ ನಮ್ಮ ಎರಡೂ ಊರಲ್ಲಿ 15 ನಿಮಿಷ ಇಡಬೇಕು. ನಮ್ಮ ಕುದಿನೀರಿಗೆ ಬಿಸಿ ಕಮ್ಮಿ ಅಲ್ವಾ?

ಪೇರಲದಲ್ಲಿ ಹುಳಿ ಇದೆ, ಹಾಗಾಗಿ ಭಯವಿಲ್ಲ. ಪಪ್ಪಾಯಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ, 4.6 ಒಂದು ಗಡಿ. ಅದಕ್ಕಿಂತ ಕೆಳಗಿದ್ದರೆ ಬಾಟುಲಿನಮ್ ಅನ್ನುವ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಲ್ಲ. ಮಾವಿನಕಾಯಿ, ನಿಂಬೆ, ನೆಲ್ಲಿ ಎಲ್ಲ ಗಡಿಯಿಂದ ಎಷ್ಟೋ ಕೆಳಗಿವೆ. ಪಪ್ಪಾಯಿ 5ರ ಮೇಲಿದೆ. ಈ ಬ್ಯಾಕ್ಟೀರಿಯಾದ ಬೀಜಾಣು ಸಾಮಾನ್ಯ ಕುದಿಗೆ ಸಾಯಲ್ಲ, ಗಾಳಿಯಿಲ್ಲದ ಬಾಟಲಿಯೇ ಅದಕ್ಕೆ ಇಷ್ಟ. ಅದಕ್ಕೇ ಪಪ್ಪಾಯಿ ಜಾಮಿಗೆ ಕೆಜಿ ತಿರುಳಿಗೆ 5ರಿಂದ 6 ಗ್ರಾಂ ನಿಂಬೆ ಉಪ್ಪು ಬೀಳಲೇಬೇಕು. ಅದು ರುಚಿಗಷ್ಟೇ ಅಂದುಕೊಂಡು ಬಿಡುವವರು ಜಾಸ್ತಿ.

"ನಮ್ಮನೆಯವರಿಗೆ ಶುಗರ್ ಐತೆ, ಸಕ್ಕರೆ ಅರ್ಧ ಹಾಕಲಾ?" ಅಂತಲೂ ಕೇಳುತ್ತಾರೆ. ಹಾಕಿ, ತೊಂದರೆಯಿಲ್ಲ. ಆದರೆ ಅದು ಕಪಾಟಿನ ಜಾಮ್ ಅಲ್ಲ, ಫ್ರಿಜ್ಜಿನ ಜಾಮ್. ಜಾಮಿನಲ್ಲಿ ಶೇಕಡಾ 65ರಷ್ಟು ಸಕ್ಕರೆ ಅಂಶ ಇದ್ದಾಗಲೇ ಅದು ಹೊರಗೆ ನಿಲ್ಲುವುದು. ಕಮ್ಮಿ ಮಾಡಿದರೆ ಸ್ವಲ್ಪವೇ ಮಾಡಿ ಬೇಗ ಖಾಲಿ ಮಾಡಿ.

ಬೆಟ್ಟದ ನೆಲ್ಲಿ ಸುಲಭ. ತುಳಸಿ ಹಬ್ಬಕ್ಕೆ ಕೊಂಬೆ ಮುರಿದಾಗಲೇ ಎಲ್ಲ ಕಿತ್ತುಬಿಡಬೇಡಿ. ಹಸಿರು ಬಿಳುಚಿ ಹಳದಿಗೆ ತಿರುಗಲಿ. ಒಂದನ್ನು ಒಡೆದು ನೋಡಿ, ಬೀಜ ಇನ್ನೂ ಬೆಳ್ಳಗಿದ್ದರೆ ಬಲಿತಿಲ್ಲ. ಹಬೆಯಲ್ಲಿ ಬೇಯಿಸಿ, ಎಸಳು ಬಿಡಿಸಿ, ಉಪ್ಪು ಸವರಿ ನೆರಳಲ್ಲಿ ಹರಡಿ. ಪುಷ್ಯದ ನಮ್ಮ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಬಿಸಿಲಿಗೆ ಹಾಕಿದರೆ ಸಿ ಜೀವಸತ್ವ ಜಾಸ್ತಿ ಹೋಗುತ್ತದೆ. ಕಬ್ಬಿಣದ ಬಾಣಲೆ ಮಾತ್ರ ಬೇಡ, ನೆಲ್ಲಿಯ ಒಗರು ಕಬ್ಬಿಣಕ್ಕೆ ಸೇರಿ ಎಲ್ಲ ಕಪ್ಪಾಗುತ್ತದೆ.

ದಾಳಿಂಬೆ ಷರಬತ್ತು ಕೆಡದಿರಲಿ ಅಂತ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಹಾಕಬೇಡಿ, ಕೆಂಪು ಬಣ್ಣ ಬಿಳುಚಿಕೊಳ್ಳುತ್ತದೆ. ಅದಕ್ಕೆ ಸೋಡಿಯಂ ಬೆಂಜೋಯೇಟ್ ಸರಿ, ಕೆಜಿಗೆ 0.7 ಗ್ರಾಂ ಮೀರದಂತೆ. ಸೀತಾಫಲದ ತಿರುಳನ್ನು ಬಿಸಿ ಮಾಡಿದರೆ ಕಹಿ, ಹಾಗೇ ಬಿಟ್ಟರೆ ಕಂದು. ತಿನ್ನಿ, ಮಿಕ್ಕಿದರೆ ನಿಂಬೆರಸ ಬೆರೆಸಿ ಫ್ರೀಜರಿಗೆ ಹಾಕಿ.

ಬಾಟಲಿ ಮೇಲೆ ತಾರೀಕು ಬರೆದು, ಬೆಳಕು ಬೀಳದ ಕಡೆ ಇಡಿ. ಬೂಷ್ಟು ಬಂದರೆ ಮೇಲಿನದನ್ನು ಕೆರೆದು ಒಳಗಿನದನ್ನು ತಿನ್ನುವ ಅಭ್ಯಾಸ ಬಿಡಿ, ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಗುಳ್ಳೆ ಎದ್ದರೆ, ರುಚಿ ನೋಡಿ ತೀರ್ಮಾನ ಮಾಡೋಣ ಅನ್ನಬೇಡಿ. ಬಾಟಲಿ ಸಮೇತ ಎಸೆಯಿರಿ, ನಾಯಿ, ದನಕ್ಕೂ ಹಾಕಬೇಡಿ.